ಕಾನ್ಕಾರ್ಡ್ ಎಂಜಿನ್ ಮಾರಾಟಕ್ಕಿದೆ, ಕೊಂಡು ಏನು ಮಾಡಲಿ?

ಪ್ರಶ್ನೆ: ನಾನು ಲೋಹದ ಕೆಲಸದವನು. ಮೂವತ್ತು ವರ್ಷದಿಂದ ವೆಲ್ಡಿಂಗ್, ಲೇತ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಚಿಕ್ಕಂದಿನಿಂದ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾನ್ಕಾರ್ಡ್ ಅಂದ್ರೆ ಪ್ರಾಣ. ಈಗ ಅದರ ಒಂದು ಒಲಿಂಪಸ್ 593 ಎಂಜಿನ್ ಮಾರಾಟಕ್ಕಿದೆ. ‘ಎಂಜಿನ್ ಸಂಪೂರ್ಣ ಇದೆ, ಮನಸ್ಸು ಮಾಡಿದರೆ ಓಡಿಸಬಹುದು’ ಅಂತ ಮಾರುವವರು ಹೇಳುತ್ತಿದ್ದಾರೆ. ಇಬ್ಬರು ಗೆಳೆಯರ ಜೊತೆ ಸೇರಿ ಕೊಳ್ಳೋಣ ಅಂತಿದ್ದೇನೆ. ಜನರೇಟರಿಗೆ ಜೋಡಿಸಿ ಕರೆಂಟ್ ತೆಗೆಯಬಹುದಾ? ಟ್ರಕ್ಕಿನ ಮೇಲೆ ಕೂರಿಸಿ ಪ್ರದರ್ಶನ ಮಾಡಬಹುದಾ? ದೊಡ್ಡ ಬೆಂಕಿ ಆರಿಸಲು ಜೆಟ್ ಎಂಜಿನ್ ಬಳಸಿದ್ದಾರೆ ಅಂತ ಕೇಳಿದ್ದೇನೆ, ನಿಜವಾ? ಯಾವುದೂ ಆಗದಿದ್ದರೆ ಬಿಚ್ಚಿ ಮೇಜು, ಗಡಿಯಾರ ಮಾಡೋಣ, ಟೈಟಾನಿಯಂ ಇರುವುದರಿಂದ ಗುಜರಿಗೆ ಹಾಕಿದರೂ ಹಾಕಿದ ಹಣ ಬರುತ್ತೆ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಮನೆಯವರು ಮಾತ್ರ ‘ಮೂರು ಟನ್ ಕಬ್ಬಿಣ ತಂದು ಎಲ್ಲಿಡ್ತೀರಿ’ ಅಂತಾರೆ. ಇದು ಹುಚ್ಚಾ? ಅಂಗಳದಲ್ಲಿಟ್ಟುಕೊಂಡರೆ ಅಪಾಯ ಏನಾದರೂ ಇದೆಯಾ?

ಉತ್ತರ: ಹುಚ್ಚಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ದುಡಿದದ್ದೆಲ್ಲ ಗ್ಯಾಸ್ ಟರ್ಬೈನ್‌ಗಳ ಜೊತೆಗೆ. ಜೆಟ್ ಎಂಜಿನ್ ಅದೇ ಜಾತಿಯದು. ಬಿಚ್ಚಿದ್ದೇನೆ, ಜೋಡಿಸಿದ್ದೇನೆ, ಎಂಜಿನ್ ಪರೀಕ್ಷಿಸುವ ಭದ್ರ ಕೋಣೆಯಾದ ಟೆಸ್ಟ್ ಸೆಲ್‌ನಲ್ಲಿ ಕಟ್ಟಿಹಾಕಿ ಓಡಿಸಿದ್ದೇನೆ. ಇವತ್ತಿಗೂ ತೆರೆದಿಟ್ಟ ಕಂಪ್ರೆಸರ್ (ಎಂಜಿನ್ ಒಳಗೆ ಬಂದ ಗಾಳಿಯನ್ನು ಒತ್ತುವ ಭಾಗ) ಕಂಡರೆ ಬೆರಳು ತಾನಾಗಿಯೇ ಬ್ಲೇಡಿನ ಅಂಚು ಸವರುತ್ತದೆ. ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಓಡುತ್ತದಾ, ಓಡದಿದ್ದರೆ ಹಣ ದಂಡವಾ, ಹತ್ತಿರ ಇಟ್ಟುಕೊಳ್ಳುವುದು ಕ್ಷೇಮವಾ. ನೀವು ಕೊನೆಗೆ ಕೇಳಿದ ಪ್ರಶ್ನೆಯೇ ನನಗೆ ದೊಡ್ಡದು. ಅದರಲ್ಲೂ ನೀವು ವೆಲ್ಡಿಂಗ್ ಮಾಡುವವರು ಅಂತ ಓದಿದ ಮೇಲೆ ಜಾಸ್ತಿ ದೊಡ್ಡದು ಅನ್ನಿಸಿತು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮುಂಚೆ ನನ್ನ ಅಭಿಪ್ರಾಯ ಇಷ್ಟು: ಓಡಿಸಲಿಕ್ಕೆ ಅಂತ ಈ ಎಂಜಿನ್ ಕೊಳ್ಳಬೇಡಿ. ಅದರ ಹೊಟ್ಟೆ ತೆರೆದು ನಾಲ್ಕು ಜನಕ್ಕೆ ತೋರಿಸಲಿಕ್ಕೆ ಆದರೆ ಖಂಡಿತ ಕೊಳ್ಳಿ.

ಯಾಕೆ ಅಂತ ಹೇಳಬೇಕಾದರೆ ‘ಸೂಪರ್‌ಸಾನಿಕ್ ಎಂಜಿನ್’ ಅನ್ನುವ ಮಾತಿನಿಂದಲೇ ಶುರು ಮಾಡಬೇಕು. ಆ ಹೆಸರು ಕೇಳಿದರೆ ಒಳಗೆ ಗಾಳಿ ಶಬ್ದಕ್ಕಿಂತ ವೇಗವಾಗಿ ನುಗ್ಗುತ್ತದೆ ಅನ್ನಿಸುತ್ತದೆ, ಅಲ್ವಾ? ವಿಷಯ ಉಲ್ಟಾ. ಇಂಥ ಎಂಜಿನ್‌ನ ಕಂಪ್ರೆಸರಿಗೆ ಶಬ್ದಕ್ಕಿಂತ ನಿಧಾನವಾದ ಗಾಳಿಯೇ ಬೇಕು. ವಿಮಾನ ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುತ್ತಿರುತ್ತದೆ. ಎದುರಿಗೆ ಬರುವ ಗಾಳಿಯನ್ನು ಕೆಲವೇ ಮೀಟರ್ ಉದ್ದದ ದಾರಿಯಲ್ಲಿ ಮ್ಯಾಕ್ 0.5ರ ಆಸುಪಾಸಿಗೆ ಇಳಿಸಬೇಕು. ಕಾನ್ಕಾರ್ಡ್‌ನಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಎಂಜಿನ್ ಮುಂದಿನ ಚೌಕಾಕಾರದ ಗಾಳಿದ್ವಾರ. ಅದರ ಒಳಗಿನ ಚಾವಣಿಯಲ್ಲಿ ಮೇಲೆ ಕೆಳಗೆ ಆಡುವ ಇಳಿಜಾರು ಹಲಗೆಗಳಿದ್ದವು. ವೇಗಕ್ಕೆ ತಕ್ಕ ಹಾಗೆ ಅವು ತಾವೇ ಜಾಗ ಬದಲಿಸಿ, ಆಘಾತ ತರಂಗಗಳನ್ನು, ಅಂದರೆ ಶಬ್ದಕ್ಕಿಂತ ವೇಗದ ಗಾಳಿ ತಟ್ಟನೆ ಒತ್ತಿಕೊಳ್ಳುವ ಜಾಗಗಳನ್ನು, ಸರಿಯಾದ ಕಡೆ ನಿಲ್ಲಿಸುತ್ತಿದ್ದವು. ಗಾಳಿಯ ವೇಗ ಇಳಿಯುತ್ತಿತ್ತು, ಒತ್ತಡ ಏರುತ್ತಿತ್ತು.

ಮ್ಯಾಕ್ 2ರಲ್ಲಿ ವಿಮಾನವನ್ನು ಮುಂದಕ್ಕೆ ತಳ್ಳುವ ಬಲ ಯಾವ ಭಾಗದ ಮೇಲೆ ಎಷ್ಟು ಬೀಳುತ್ತಿತ್ತು ಅನ್ನುವ ಲೆಕ್ಕ ಇದೆ. ಗಾಳಿದ್ವಾರದ ಪಾಲು ಸುಮಾರು 63 ಶೇಕಡಾ. ಹಿಂದೆ ಬಿಸಿ ಗಾಳಿ ಹೊರಬೀಳುವ ಬಾಯಿಯ, ಅಂದರೆ ನಾಝಲ್‌ನ ಪಾಲು 29 ಶೇಕಡಾ. ನಡುವೆ ಕೂತ ಎಂಜಿನ್‌ನ ಪಾಲು ಉಳಿದ 8 ಶೇಕಡಾ. ಹಾಗಂತ ಎಂಜಿನ್ ಸುಮ್ನೆ ಕೂತಿತ್ತು ಅಂತಲ್ಲ. ಅದು ಗಾಳಿ ಎಳೆಯದಿದ್ದರೆ, ಬಿಸಿ ಮಾಡದಿದ್ದರೆ ಉಳಿದ ಎರಡೂ ಖಾಲಿ ಡಬ್ಬಗಳೇ. ಆದರೆ ಮುಂದಿನ ದ್ವಾರ, ಹಿಂದಿನ ಬಾಯಿ ಎರಡೂ ಇಲ್ಲದ ಎಂಜಿನ್ ಕಾನ್ಕಾರ್ಡ್ ಮಾಡಿದ ಕೆಲಸ ಮಾಡಲಾರದು. ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಆ ನಡುವಿನ ಭಾಗ ಮಾತ್ರ. ರೀಹೀಟ್ ಪೈಪು (ಎಂಜಿನ್ ಹಿಂದೆ ಮತ್ತೆ ಇಂಧನ ಸುರಿದು ಉರಿಸಿ ತಳ್ಳುಬಲ ಹೆಚ್ಚಿಸುವ ಭಾಗ), ನಾಝಲ್ ಜೊತೆಗಿದ್ದರೆ ಅದೃಷ್ಟ.

ಹಾಗಂತ ಆ ನಡುವಿನ ಭಾಗ ಏನು ಕಡಿಮೆಯದಲ್ಲ. ಉದ್ದ ಸುಮಾರು 4 ಮೀಟರ್, ಅಡ್ಡಳತೆ 1.2 ಮೀಟರ್, ತೂಕ ಹತ್ತಿರ ಹತ್ತಿರ 3,200 ಕೆ.ಜಿ. ರೀಹೀಟ್ ಹಚ್ಚಿದರೆ 38,000 ಪೌಂಡ್, ಅಂದರೆ 17 ಟನ್ ತಳ್ಳುಬಲ. ಒಲಿಂಪಸ್ ಕುಟುಂಬದ ಮೊದಲ ಎಂಜಿನ್ ಬ್ರಿಸ್ಟಲ್‌ನಲ್ಲಿ 1950ರಲ್ಲಿ ಓಡಿತು. ಒಂದರೊಳಗೊಂದು ಸೇರಿಕೊಂಡ ಎರಡು ಶಾಫ್ಟ್, ಎರಡು ಕಂಪ್ರೆಸರ್, ಒಂದೊಂದನ್ನು ತಿರುಗಿಸಲು, ಹಿಂದೆ ಬಿಸಿ ಗಾಳಿಯ ರಭಸಕ್ಕೆ ತಿರುಗುವ ಅದರದೇ ಟರ್ಬೈನ್. 593ರಲ್ಲಿ ಎರಡೂ ಕಂಪ್ರೆಸರ್‌ಗೆ ಏಳೇಳು ಹಂತ (ಬ್ಲೇಡುಗಳ ಒಂದೊಂದು ಸಾಲು ಒಂದು ಹಂತ), ಟರ್ಬೈನ್ ಒಂದೊಂದೇ ಹಂತ. ಅಷ್ಟು ವೇಗದಲ್ಲಿ ಗಾಳಿ ಒಳಗೆ ಬರುವಾಗಲೇ 120 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತದೆ. ಕಂಪ್ರೆಸರಿನ ಕೊನೆಗೆ 500 ಡಿಗ್ರಿ ದಾಟುತ್ತದೆ. ಅದಕ್ಕೇ ಮುಂದಿನ ಹಂತಗಳಲ್ಲಿ ಟೈಟಾನಿಯಂ, ಹಿಂದಿನ ಹಂತಗಳಲ್ಲಿ ನಿಕ್ಕಲ್ ಮಿಶ್ರಲೋಹ. ಇನ್ನೂ ಬೆಂಕಿ ಹತ್ತುವ ಜಾಗಕ್ಕೆ ಬಂದೇ ಇಲ್ಲ, ಆಗಲೇ ನಿಕ್ಕಲ್ ಬೇಕಾಯಿತು. ನನಗೆ ಈ ಎಂಜಿನ್‌ನಲ್ಲಿ ತುಂಬ ಇಷ್ಟವಾದ ಸಂಗತಿ ಅದು.

ಇನ್ನು ‘ಓಡಿಸಬಹುದು’ ಅನ್ನುವ ಮಾತು. ಶಾಫ್ಟ್ ಕೈಯಲ್ಲಿ ತಿರುಗಿತು ಅಂದಮಾತ್ರಕ್ಕೆ ಎಂಜಿನ್ ಓಡುತ್ತದೆ ಅಂತಲ್ಲ. ಒಲಿಂಪಸ್ 593ಕ್ಕೆ ಎಷ್ಟು ಇಂಧನ ಬಿಡಬೇಕು ಅಂತ ತೀರ್ಮಾನಿಸುತ್ತಿದ್ದದ್ದು ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಆ ಕಾಲಕ್ಕೆ ಅದು ಬಹಳ ಮುಂದುವರಿದ ಕೆಲಸ. ಆದರೆ ಆ ಪೆಟ್ಟಿಗೆಗಳು ಇದ್ದದ್ದು ವಿಮಾನದಲ್ಲಿ. ಎಂಜಿನ್ ಕಳಚಿ ತಂದಾಗ ಅದರ ಮಿದುಳು ಅಲ್ಲೇ ಉಳಿಯುತ್ತದೆ. ಇಂಧನವನ್ನು ಒತ್ತಡದಲ್ಲಿ ಕಳಿಸುವ ಟ್ಯಾಂಕ್ ಪಂಪ್‌ಗಳು ವಿಮಾನದವು. ಸ್ಟಾರ್ಟ್ ಮಾಡಲು ಹೊರಗಿನಿಂದ ಭಾರಿ ಪ್ರಮಾಣದ ಒತ್ತಡದ ಗಾಳಿ ಬೇಕು. ಅದಕ್ಕೆ ಬೇರೆಯೇ ಯಂತ್ರ. ನಿಮ್ಮ ವರ್ಕ್‌ಶಾಪಿನ ಕಂಪ್ರೆಸರ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಇದೆಲ್ಲ ಹೇಗೋ ಹೊಂದಿಸಿದಿರಿ ಅಂತಲೇ ಇಟ್ಟುಕೊಳ್ಳೋಣ. ಪೂರ್ತಿ ವೇಗಕ್ಕೆ ಬಂದಾಗ ಆ ಎಂಜಿನ್ ಸೆಕೆಂಡಿಗೆ 186 ಕೆ.ಜಿ. ಗಾಳಿ ಎಳೆಯುತ್ತದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಹಾಲ್‌ನಲ್ಲಿ ಇರುವಷ್ಟು ಗಾಳಿ, ಒಂದೇ ಸೆಕೆಂಡಿನಲ್ಲಿ. ಮುಂದೆ ಬಿದ್ದ ನಟ್ಟು, ಬಟ್ಟೆ, ಮನುಷ್ಯ, ಯಾವುದನ್ನೂ ಅದು ಬೇರೆ ಮಾಡಿ ನೋಡುವುದಿಲ್ಲ. ಹದಿನೇಳು ಟನ್ ತಳ್ಳುಬಲ ಹಿಡಿದು ನಿಲ್ಲಿಸುವ ಚೌಕಟ್ಟು ಬೇಕು, ಅದನ್ನು ಹಿಡಿದಿಡುವ ಕಾಂಕ್ರೀಟ್ ಬೇಕು.

ಮುಖ್ಯವಾದದ್ದು ಡಿಸ್ಕ್. ಬ್ಲೇಡುಗಳನ್ನು ಹಿಡಿದಿರುವ ಚಕ್ರ ಅದು. ಒಂದು ಲೆಕ್ಕ ನೋಡಿ. 200 ಗ್ರಾಂ ತೂಕದ ಒಂದು ಬ್ಲೇಡು, ನಡುವಿನಿಂದ 40 ಸೆಂ.ಮೀ. ದೂರದಲ್ಲಿದೆ, ನಿಮಿಷಕ್ಕೆ 7,500 ಸುತ್ತು ತಿರುಗುತ್ತಿದೆ. ಆಗ ಅದು ಡಿಸ್ಕನ್ನು ಹೊರಕ್ಕೆ ಎಳೆಯುವ ಬಲ ಸುಮಾರು 5 ಟನ್. ಒಂದೇ ಬ್ಲೇಡು! ಅಂಥವು ಸಾಲುಸಾಲಾಗಿ ಇರುತ್ತವೆ. ಪ್ರತಿ ಸಲ ಸ್ಟಾರ್ಟ್ ಮಾಡಿ ನಿಲ್ಲಿಸಿದಾಗಲೂ ಡಿಸ್ಕ್ ಒಮ್ಮೆ ಹಿಗ್ಗಿ ಕುಗ್ಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆ. ಅದಕ್ಕೇ ಪ್ರತಿ ಡಿಸ್ಕಿಗೂ ಇಷ್ಟೇ ಸಲ ಅಂತ ಆಯಸ್ಸು ಬರೆದಿರುತ್ತಾರೆ. ಲೆಕ್ಕ ಮುಗಿದ ಮೇಲೆ ನೋಡಲು ಹೊಳೆಯುತ್ತಿದ್ದರೂ ಎತ್ತಿಡುತ್ತೇವೆ. ಬ್ಲೇಡ್ ಮುರಿದರೆ ಕೇಸಿಂಗ್ ತಡೆಯಬಹುದು. ಡಿಸ್ಕ್ ಒಡೆದರೆ ಯಾವ ಕೇಸಿಂಗೂ ತಡೆಯುವುದಿಲ್ಲ. ನಾನು ಟೆಸ್ಟ್ ಸೆಲ್‌ನಲ್ಲಿ ದಪ್ಪ ಗೋಡೆಯ ಆಚೆ ಕೂತು ಓಡಿಸುತ್ತಿದ್ದೆ. ಲಾಗ್‌ಬುಕ್ ಇಲ್ಲದ ಎಂಜಿನ್ ಅಂದರೆ ಅಲ್ಲೂ ಮುಟ್ಟುತ್ತಿರಲಿಲ್ಲ.

‘ಹಾಗಾದರೆ ಮನೆಯಂಗಳದಲ್ಲಿ ಓಡಿಸಿದವರೇ ಇಲ್ವಾ?’ ಅಂತ ನೀವು ಕೇಳಬಹುದು. ಇದ್ದಾರೆ. ಅಮೆರಿಕದ ಆರ್ಟ್ ಆರ್ಫನ್ಸ್ ಕಥೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. 1960ರ ದಶಕದ ಶುರುವಿನಲ್ಲಿ ಅವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಒಂದು ಜೆ79 ಎಂಜಿನ್‌ನ್ನು ಗುಜರಿಯವರಿಂದ ಕೆಲವೇ ನೂರು ಡಾಲರಿಗೆ ಕೊಂಡರು. ಎಫ್-104, ಫ್ಯಾಂಟಮ್‌ನಂಥ ಮ್ಯಾಕ್ 2 ಫೈಟರ್‌ಗಳ ಎಂಜಿನ್ ಅದು. ಒಳಗೆ ಏನೋ ನುಗ್ಗಿ ಬ್ಲೇಡುಗಳು ಹಾಳಾಗಿದ್ದವು. ಅದರ ಕೈಪಿಡಿ ಕೂಡ ಆಗ ಅವರಿಗೆ ಸಿಗಲಿಲ್ಲ. ತಾವೇ ಪೂರ್ತಿ ಬಿಚ್ಚಿದರು. ಕೆಟ್ಟ ಬ್ಲೇಡು ತೆಗೆದರು, ತೂಕ ಸರಿದೂಗಲು ಎದುರಿನವನ್ನೂ ತೆಗೆದರು. ಮರಗಳಿಗೆ ಕಟ್ಟಿ ಓಡಿಸಿ ನೋಡಿದರು. ಆಮೇಲೆ ‘ಗ್ರೀನ್ ಮಾನ್ಸ್ಟರ್’ ಅನ್ನುವ ಕಾರಿಗೆ ಕೂರಿಸಿ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ 1964 ಮತ್ತು 1965ರಲ್ಲಿ ಮೂರು ಸಲ ನೆಲದ ವೇಗದ ವಿಶ್ವದಾಖಲೆ ಮಾಡಿದರು. ಕೊನೆಯದು ಗಂಟೆಗೆ 927 ಕಿ.ಮೀ. ದಾಟಿತ್ತು. 1966ರಲ್ಲಿ ಅದಕ್ಕಿಂತ ಜಾಸ್ತಿ ವೇಗದಲ್ಲಿ ಚಕ್ರದ ಬೇರಿಂಗ್ ಕೈಕೊಟ್ಟು ಕಾರು ನುಚ್ಚುನೂರಾಯಿತು. ಅವರು ಬದುಕಿದ್ದೇ ಒಂದು ಪವಾಡ.

ಈ ಕಥೆಯಲ್ಲಿ ನಿಮಗೆ ಬೇಕಾದ ವಿವರ ಒಂದಿದೆ. ಜೆ79ಗೆ ಒಂದೇ ಶಾಫ್ಟ್. ಇಂಧನ ಹತೋಟಿ ಪೂರ್ತಿ ಯಾಂತ್ರಿಕ, ಎಂಜಿನ್ ಮೈಮೇಲೇ ಕೂತಿರುತ್ತದೆ. ತಂತಿ, ಪೆಟ್ಟಿಗೆಗಳ ಹಂಗು ತೀರ ಕಡಿಮೆ. ಆರ್ಫನ್ಸ್ ಅವರ ಜಾಣ್ಮೆ ದೊಡ್ಡದೇ, ಎರಡು ಮಾತಿಲ್ಲ. ಆದರೆ ಎಂಜಿನ್ ಕೂಡ ಅದಕ್ಕೆ ಒಪ್ಪುವಂಥದ್ದಿತ್ತು. 593 ಹಾಗೆ ಒಪ್ಪುವುದಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರ ಅಣ್ಣನ ಮಗ ಕ್ರೇಗ್ ಆರ್ಫನ್ಸ್ 1989ರಲ್ಲಿ ಜೆಟ್ ದೋಣಿಯಲ್ಲಿ ನೀರಿನ ಮೇಲಿನ ವೇಗದ ದಾಖಲೆ ಮುರಿಯಲು ಹೋಗಿ ತೀರಿಕೊಂಡರು. ಅವರು ಮುರಿಯಲು ಹೊರಟ ದಾಖಲೆ ಆಸ್ಟ್ರೇಲಿಯಾದ ಕೆನ್ ವಾರ್ಬಿ ಅವರದು. ಹಳೆಯ ಮಿಲಿಟರಿ ಜೆಟ್ ಎಂಜಿನ್ ಹಾಕಿ, ಮನೆಯ ಹಿತ್ತಲಲ್ಲೇ ಕಟ್ಟಿದ ದೋಣಿಯಲ್ಲಿ 1978ರಲ್ಲಿ ಗಂಟೆಗೆ 511 ಕಿ.ಮೀ. ಮುಟ್ಟಿದ್ದರು.

ಟ್ರಕ್ಕಿನ ಯೋಚನೆಗೂ ಇದೇ ಉತ್ತರ. ನಿವೃತ್ತ ಸೂಪರ್‌ಸಾನಿಕ್ ಫೈಟರ್ ಎಂಜಿನ್ ಇಟ್ಟುಕೊಂಡು ಬ್ರಿಟನ್ನಿನ ರಿಚರ್ಡ್ ನೋಬಲ್ 1983ರಲ್ಲಿ ‘ಥ್ರಸ್ಟ್ 2’ ಕಾರನ್ನು ಗಂಟೆಗೆ 1,019 ಕಿ.ಮೀ. ಓಡಿಸಿದರು. ಅದು ಲೈಟ್ನಿಂಗ್ ಫೈಟರ್‌ನ ರೋಲ್ಸ್-ರಾಯ್ಸ್ ಏವನ್ ಎಂಜಿನ್. 1997ರಲ್ಲಿ ಆಂಡಿ ಗ್ರೀನ್ ಎರಡು ಸ್ಪೇ ಎಂಜಿನ್‌ಗಳ ‘ಥ್ರಸ್ಟ್ ಎಸ್‌ಎಸ್‌ಸಿ’ಯಲ್ಲಿ ನೆಲದ ಮೇಲೇ ಶಬ್ದದ ವೇಗ ದಾಟಿದರು. ಈ ಎರಡು ಕಾರು ಕಟ್ಟಿದವರಲ್ಲಿ ಯಾರೂ ‘ಎಂಜಿನ್ ಸಿಕ್ಕಿತು, ಏನಾದರೂ ಮಾಡೋಣ’ ಅಂತ ಹೊರಟವರಲ್ಲ. ಮೊದಲು ಕಾರು ಯೋಚಿಸಿದರು, ಅದಕ್ಕೆ ಹೊಂದುವ ಎಂಜಿನ್ ಹುಡುಕಿದರು. ಕೈಪಿಡಿ ಗೊತ್ತಿದ್ದ, ಬಿಡಿಭಾಗ ಸಿಗುತ್ತಿದ್ದ, ಆ ಎಂಜಿನ್ ಜೊತೆ ಬದುಕಿದ ಮೆಕ್ಯಾನಿಕ್‌ಗಳಿದ್ದ ಎಂಜಿನ್ ಆರಿಸಿದರು. ನಿಮ್ಮದು ಅದರ ಉಲ್ಟಾ ದಾರಿ.

ಕರೆಂಟ್ ವಿಚಾರಕ್ಕೆ ಬರೋಣ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ಮೋಸಹೋಗುತ್ತಾರೆ. ಒಲಿಂಪಸ್ ಕುಟುಂಬದ ಎಂಜಿನ್‌ಗಳು ವಿದ್ಯುತ್ ಸ್ಥಾವರಗಳಲ್ಲಿ ದುಡಿದಿವೆ. ಬ್ರಿಟಿಷ್ ನೌಕಾಪಡೆಯ ‘ಇನ್ವಿನ್ಸಿಬಲ್’ ಯುದ್ಧನೌಕೆಯನ್ನು ನಾಲ್ಕು ಒಲಿಂಪಸ್ ಎಂಜಿನ್‌ಗಳು ನಡೆಸುತ್ತಿದ್ದವು, ಒಂದೊಂದರದ್ದು ಸುಮಾರು 20 ಮೆಗಾವ್ಯಾಟ್. ಜೆ79ರಿಂದಲೂ ಎಲ್‌ಎಂ1500 ಅನ್ನುವ ನೆಲದ ಎಂಜಿನ್ ಬಂತು. ಆದರೆ ಅವೆಲ್ಲ ಅದೇ ಕೆಲಸಕ್ಕೆ ಅಂತ ಬದಲಿಸಿ ಮಾಡಿದವು. ವಿಮಾನದ ಟರ್ಬೋಜೆಟ್‌ನಲ್ಲಿ ಟರ್ಬೈನ್ ತನ್ನ ಕಂಪ್ರೆಸರನ್ನು ತಿರುಗಿಸುವಷ್ಟು ಶಕ್ತಿ ಮಾತ್ರ ಹಿಡಿದುಕೊಳ್ಳುತ್ತದೆ. ಉಳಿದದ್ದೆಲ್ಲ ಬಿಸಿ ಗಾಳಿಯಾಗಿ ಹಿಂದಿನಿಂದ ಹೋಗುತ್ತದೆ. ನೀವು ಜನರೇಟರ್ ಜೋಡಿಸಲು ಹೊರಗೆ ಚಾಚಿದ ಶಾಫ್ಟೇ ಇರುವುದಿಲ್ಲ. ಆ ಬಿಸಿ ಗಾಳಿಯನ್ನು ಹಿಡಿಯಲು ಹಿಂದೆ ಇನ್ನೊಂದು ಟರ್ಬೈನ್ ಕಟ್ಟಬೇಕು. ಅದಕ್ಕೆ ಗೇರ್‌ಬಾಕ್ಸ್, ಆಮೇಲೆ ಮೆಗಾವ್ಯಾಟ್ ಲೆಕ್ಕದ ಜನರೇಟರ್. ಆ ಟರ್ಬೈನ್ ಮಾಡುವ ಖರ್ಚಿನ ಮುಂದೆ ಎಂಜಿನ್‌ನ ಬೆಲೆ ಚಿಲ್ಲರೆ.

ಇಂಧನವನ್ನೂ ಲೆಕ್ಕಕ್ಕೆ ತನ್ನಿ. ಮೇಲೆ, ತೆಳು ಗಾಳಿಯಲ್ಲಿ ಆರಾಮಾಗಿ ಹೋಗುತ್ತಿರುವಾಗಲೇ ಕಾನ್ಕಾರ್ಡ್‌ನ ಒಂದೊಂದು ಎಂಜಿನ್ ಗಂಟೆಗೆ 5 ಟನ್ ಇಂಧನ ಕುಡಿಯುತ್ತಿತ್ತು. ನೆಲದ ಮೇಲೆ ಪೂರ್ತಿ ತೆರೆದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಕಡಿಮೆ ಓಡಿಸಿದರೆ ಉಳಿತಾಯವಾಗುತ್ತದೆ ಅಂದುಕೊಳ್ಳಬೇಡಿ. ಗ್ಯಾಸ್ ಟರ್ಬೈನ್ ಅರ್ಧ ಹೊಟ್ಟೆಯಲ್ಲಿ ಓಡಿದಾಗ ಕೊಡುವ ಕೆಲಸಕ್ಕೆ ಹೋಲಿಸಿದರೆ ಇನ್ನೂ ಜಾಸ್ತಿ ತಿನ್ನುತ್ತದೆ. ನಿಮಗೆ ಕರೆಂಟ್ ಬೇಕಾದರೆ ಡೀಸೆಲ್ ಜನರೇಟರ್ ಕೊಳ್ಳಿ. ಈ ಯೋಚನೆಯನ್ನು ಇಲ್ಲಿಗೇ ಬಿಡಿ.

ಬೆಂಕಿ ಆರಿಸಿದ್ದು ನಿಜ. 1991ರಲ್ಲಿ ಕುವೈತಿನ ತೈಲಬಾವಿಗಳು ಉರಿಯುತ್ತಿದ್ದಾಗ ಹಂಗೆರಿಯವರು ಟಿ-34 ಟ್ಯಾಂಕಿನ ಮೇಲೆ ಎರಡು ಮಿಗ್-21 ಎಂಜಿನ್ ಕೂರಿಸಿ ತಂದಿದ್ದರು. ಜೆಟ್ಟಿನ ಗಾಳಿಗೆ ನೀರು ಬಿಟ್ಟು, ದೀಪ ಊದಿ ಆರಿಸಿದ ಹಾಗೆ ಬಾವಿಯ ಬೆಂಕಿ ಆರಿಸಿದರು. ನಲವತ್ತು ಟನ್ ತೂಗುವ ಗಾಡಿ ಬೇಕಾದದ್ದು ಎಂಜಿನ್‌ಗಳ ತಳ್ಳುಬಲಕ್ಕೆ ಹಿಂದೆ ಸರಿಯದೆ ನಿಲ್ಲಲಿಕ್ಕೆ. ಅದ್ಭುತವಾದ ಉಪಾಯ. ಆದರೆ ಅದು ತೈಲಬಾವಿಯಂಥ ಒಂದೇ ಜಾಗದಿಂದ ಚಿಮ್ಮುವ ಬೆಂಕಿಗೆ ಮಾತ್ರ. ಬೇರೆ ಬೆಂಕಿಗೆ ಹಿಡಿದರೆ ಕಿಡಿಯನ್ನು ಊರೆಲ್ಲ ಹಂಚಿದ ಹಾಗೆ.

ಈಗ ಕ್ಷೇಮದ ಮಾತು. ಸುಮ್ನೆ ನಿಂತಿರುವ ಎಂಜಿನ್ ಮಕ್ಕಳು ಮುಟ್ಟಿದರೆ, ನೀವು ಸುತ್ತ ಓಡಾಡಿದರೆ ಹೆದರುವಂಥದ್ದಲ್ಲ. ಅಪಾಯ ಶುರುವಾಗುವುದು ಗ್ರೈಂಡರ್, ಗ್ಯಾಸ್ ಕಟರ್ ಕೈಗೆ ತೆಗೆದುಕೊಂಡಾಗ. ಮೂವತ್ತು ವರ್ಷ ಬೆಂಕಿಯ ಜೊತೆ ಕೆಲಸ ಮಾಡಿದವರಿಗೆ ಬಿಗಿಯಾದ ಬೋಲ್ಟ್ ಕಂಡರೆ ಮೊದಲು ನೆನಪಾಗುವುದು ಟಾರ್ಚ್. ಇಲ್ಲಿ ಅದನ್ನು ಮರೆಯಬೇಕು. ಹಳೆಯ ವಿಮಾನದ ಬೋಲ್ಟ್, ನಟ್ಟುಗಳಿಗೆ ತುಂಬ ಕಡೆ ಕ್ಯಾಡ್ಮಿಯಂ ಲೇಪ ಇರುತ್ತದೆ. ಕಾಯಿಸಿದರೆ ಬರುವ ಹೊಗೆ ಶ್ವಾಸಕೋಶ ಹಾಳುಮಾಡುತ್ತದೆ, ಜೀವವನ್ನೂ ತೆಗೆಯಬಹುದು. ಆ ಕಾಲದ ಗ್ಯಾಸ್ಕೆಟ್, ಶಾಖ ತಡೆಯುವ ಹೊದಿಕೆಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬಿಸಿ ಭಾಗದ ಜೋಡಣೆಗಳ ಸುತ್ತ ಹಳದಿ ಪುಡಿ ಕಂಡರೆ ಅದು ಕ್ರೋಮಿಯಂನ ವಿಷದ ರೂಪ ಅಂತಲೇ ತಿಳಿದು ನಡೆದುಕೊಳ್ಳಿ. ಒರೆಸಬೇಡಿ, ಊದಬೇಡಿ. ಸುಟ್ಟು ಕರಕಲಾದ ರಬ್ಬರ್ ಸೀಲ್ ಅಂಟಂಟಾಗಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಕೆಲವು ಬಗೆಯ ಸೀಲ್‌ಗಳು ಜಾಸ್ತಿ ಕಾದಾಗ ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತವೆ, ಅದು ಚರ್ಮದಿಂದ ಮೂಳೆಗೆ ಇಳಿಯುತ್ತದೆ. ಒಳಗೆ ಉಳಿದ ಟರ್ಬೈನ್ ಎಣ್ಣೆ ಕೂಡ ನಿಮ್ಮ ಲೇತಿನ ಎಣ್ಣೆಯಂಥದ್ದಲ್ಲ. ನರಕ್ಕೆ ಹಾನಿ ಮಾಡುವ ವಸ್ತು ಅದರಲ್ಲಿರುತ್ತದೆ. ಕೈಗವಸು ಹಾಕಿ.

ಮೆಗ್ನೀಷಿಯಂ ಬಗ್ಗೆ ಬೇರೆಯಾಗಿ ಹೇಳುತ್ತೇನೆ. 1950, 60ರ ದಶಕದ ಜೆಟ್ ಎಂಜಿನ್‌ಗಳಲ್ಲಿ ತೂಕ ಇಳಿಸಲು ಮೆಗ್ನೀಷಿಯಂ ಎರಕದ ಭಾಗಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಬಿಸಿ ತಾಳಲಿ ಅಂತ ಕೆಲವಕ್ಕೆ ಥೋರಿಯಂ ಬೆರೆಸುತ್ತಿದ್ದರು. ಥೋರಿಯಂ ವಿಕಿರಣ ಸೂಸುವ ಲೋಹ. ಹಾಗೇ ಇಟ್ಟರೆ ಅದರ ಪ್ರಮಾಣ ತೀರ ಕಡಿಮೆ, ಆದರೆ ಗ್ರೈಂಡ್ ಮಾಡಿದ ಪುಡಿ ಉಸಿರಿನಲ್ಲಿ ಒಳಗೆ ಹೋದರೆ ಅಲ್ಲೇ ಕೂತುಬಿಡುತ್ತದೆ. ಮೇಲಾಗಿ ಮೆಗ್ನೀಷಿಯಂ ಪುಡಿ ಬೆಂಕಿ ಹಿಡಿದರೆ ನೀರು ಹಾಕಿದಷ್ಟೂ ಹೆಚ್ಚುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗೇರ್‌ಬಾಕ್ಸ್ ಮುಚ್ಚಳದ ಚೂರುಗಳು ಕಸದ ತೊಟ್ಟಿಯಲ್ಲಿ ಹತ್ತಿಕೊಂಡದ್ದನ್ನು ನೋಡಿದೆ. ಆ ಬಿಳಿ ಬೆಳಕು ಕಣ್ಣು ಮುಚ್ಚಿದರೂ ಬಹಳ ಹೊತ್ತು ಕಾಣುತ್ತಿತ್ತು. ವಸ್ತುಸಂಗ್ರಹಾಲಯದವರು ಹಳೆಯ ಎಂಜಿನ್ ಬಂದ ತಕ್ಷಣ ವಿಕಿರಣ ಅಳೆಯುವ ಮೀಟರ್ ಹಿಡಿದು ಸುತ್ತ ಬರುತ್ತಾರೆ. ನೀವೂ ಕೊಳ್ಳುವ ಮುಂಚೆಯೇ ಅದನ್ನು ಮಾಡಿಸಿ.

ಇನ್ನೊಂದು, ಇಂಧನ ಹೊತ್ತಿಸಲು ಕಿಡಿ ಕೊಡುವ ಇಗ್ನಿಷನ್ ಪೆಟ್ಟಿಗೆ. ದಪ್ಪ ಲೋಹದ ಕವಚದ ತಂತಿ ಹೊರಡುವ, ಬಿಗಿಯಾಗಿ ಮುಚ್ಚಿದ ಡಬ್ಬಿ. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 2,000 ವೋಲ್ಟ್ ಕೂಡಿಸಿ ಒಂದೇ ಸಲ ಬಿಡುವಂಥದ್ದು. ‘ಕಿಡಿ ಬರುತ್ತಾ ನೋಡೋಣ’ ಅಂತ ಯಾರೂ ಬ್ಯಾಟರಿ ಕೊಟ್ಟು ಪರೀಕ್ಷೆ ಮಾಡಬಾರದು. ನನ್ನ ಜೊತೆಗಾರ ಒಬ್ಬ ಕರೆಂಟ್ ತೆಗೆದಿದೆ ಅಂತ ನಂಬಿ ತಂತಿ ಬಿಚ್ಚಲು ಹೋಗಿ ಬಿದ್ದವನು ಎದ್ದದ್ದು ಆಸ್ಪತ್ರೆಯಲ್ಲಿ. ಕೆಲವು ಹಳೆಯ ಪೆಟ್ಟಿಗೆಗಳ ಒಳಗಿನ ಗಾಜಿನ ಕೊಳವೆಯಲ್ಲೂ ಚೂರು ವಿಕಿರಣ ವಸ್ತು ಇರುತ್ತದೆ. ಒಡೆಯಬೇಡಿ.

ಗುಜರಿ ಲೆಕ್ಕ ಇದರಿಂದಲೇ ಕೆಡುತ್ತದೆ. ಟೈಟಾನಿಯಂ ಇದೆ, ನಿಕ್ಕಲ್, ಕೋಬಾಲ್ಟ್ ಇದೆ, ಸುಳ್ಳಲ್ಲ. ಆದರೆ ಹತ್ತಾರು ಬಗೆಯ ಮಿಶ್ರಲೋಹಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಯಂತ್ರ ಹಿಡಿದು ಒಂದೊಂದನ್ನೂ ಗುರುತಿಸಿ ಬೇರೆ ಮಾಡದಿದ್ದರೆ ಗುಜರಿಯವರು ಎಲ್ಲಕ್ಕೂ ಕಡಿಮೆ ದರ್ಜೆಯ ರೇಟು ಹಾಕುತ್ತಾರೆ. ಬೇರೆ ಮಾಡಲು ಬಿಚ್ಚಬೇಕು. ಬಿಚ್ಚಲು ಎಷ್ಟು ದಿನ ಅಂತ ನಿಮ್ಮ ಗೆಳೆಯರಿಗೆ ಗೊತ್ತಿಲ್ಲ. ಮಾರುವವರು ಕೇಳುವುದು ಲೋಹದ ಬೆಲೆಯಲ್ಲ, ಕಾನ್ಕಾರ್ಡ್ ಹೆಸರಿನ ಬೆಲೆ. ಗುಜರಿಗೆ ಹಾಕಿದ ಕ್ಷಣ ಆ ಹೆಸರು ಹೋಗುತ್ತದೆ, ಬರೀ ತೂಕ ಉಳಿಯುತ್ತದೆ. ಬಿಡಿ ಬ್ಲೇಡುಗಳಿಂದ ಗಡಿಯಾರ, ಕೇಸಿಂಗ್‌ನಿಂದ ಮೇಜು ಮಾಡಿ ಮಾರುವವರಿದ್ದಾರೆ. ಅದು ವ್ಯಾಪಾರವಾಗಿ ನಡೆಯಬಹುದು. ಆದರೆ ಹರಿದು ಹಂಚಲೇಬೇಕು ಅಂತಿದ್ದರೆ ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಬೇರೆ ಎಂಜಿನ್ ಹಿಡಿಯಿರಿ. ಜೆ79 ಒಂದೇ 17,000ಕ್ಕೂ ಹೆಚ್ಚು ಬಂದವು. ಕಾನ್ಕಾರ್ಡ್ ವಿಮಾನ ಕಟ್ಟಿದ್ದೇ 20. 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತದ್ದು 14. ಆ ಎಂಜಿನ್ ಒಂದನ್ನು ಪೇಪರ್‌ವೇಟ್ ಮಾಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಹಾಗಾದರೆ ಏನು ಮಾಡಲಿ ಅಂದರೆ, ನಿಮ್ಮ ಕೈಯಲ್ಲಿರುವ ಕಸುಬಿಗೆ ಸರಿಹೊಂದುವ ಒಂದು ಕೆಲಸ ಇದೆ. ಕಾಲು ಭಾಗ ಕೇಸಿಂಗ್ ತೆಗೆದು ಒಳಗೆಲ್ಲ ಕಾಣುವ ಹಾಗೆ ಮಾಡಿ. ಮುಂದಿನ ಟೈಟಾನಿಯಂ ಬ್ಲೇಡು ಹೇಗೆ ಹಿಂದೆ ಹೋದಂತೆ ಗಿಡ್ಡವಾಗುತ್ತವೆ, ಯಾವ ಹಂತದಲ್ಲಿ ಲೋಹ ಬದಲಾಗುತ್ತದೆ, ಬೆಂಕಿಯ ಉಂಗುರ ಎಲ್ಲಿ, ಇಷ್ಟೆಲ್ಲವನ್ನು ಎರಡೇ ಹಂತದ ಟರ್ಬೈನ್ ಹೇಗೆ ತಿರುಗಿಸುತ್ತದೆ, ಇದನ್ನೆಲ್ಲ ಚಿತ್ರದಲ್ಲಿ ಎಷ್ಟು ನೋಡಿದರೂ ತಲೆಗೆ ಇಳಿಯುವುದಿಲ್ಲ. ಕಣ್ಣಾರೆ ಕಂಡರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಎರಡು ಶಾಫ್ಟಿಗೂ ಬೇರೆ ಬೇರೆ ಸಣ್ಣ ಮೋಟಾರ್ ಕೊಟ್ಟು ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗಿಸಿ. ಒಳಗಿನ ಶಾಫ್ಟ್ ಒಂದು ವೇಗ, ಹೊರಗಿನದು ಇನ್ನೊಂದು ವೇಗ. ಸ್ಟಾರ್ಟರ್ ಜೋಡಿಸುವ ಜಾಗದಿಂದ ತಿರುಗುವುದು ಒತ್ತಡ ಜಾಸ್ತಿ ಇರುವ ಹಿಂದಿನ ಕಂಪ್ರೆಸರಿನ ಶಾಫ್ಟ್ ಮಾತ್ರ. ಮುಂದಿನದಕ್ಕೆ ನೀವೇ ದಾರಿ ಹುಡುಕಬೇಕು. ನಿಮ್ಮಂಥವರಿಗೆ ಅದು ಖುಷಿ ಕೊಡುವ ತಲೆನೋವು. ಕೇಸಿಂಗ್ ಕತ್ತರಿಸುವ ಮುಂಚೆ ಅದು ಯಾವ ಲೋಹ ಅಂತ ಪರೀಕ್ಷೆ ಮಾಡಿಸಿ. ಮೆಗ್ನೀಷಿಯಂ ಬಂದರೆ ಅಲ್ಲಿ ಕತ್ತರಿಸಲೇಬೇಡಿ, ಫ್ಲ್ಯಾಂಜ್ (ಬೋಲ್ಟ್ ಹಾಕಿ ಭಾಗಗಳನ್ನು ಸೇರಿಸಿದ ಅಂಚು) ಬಿಚ್ಚಿ ತೆಗೆಯಿರಿ.

ಸದ್ದು ಕೇಳಲೇಬೇಕು, ಕೈಯಾರೆ ಓಡಿಸಲೇಬೇಕು ಅನ್ನುವ ಆಸೆ ಹೋಗದಿದ್ದರೆ ಅದಕ್ಕೆ ಬೇರೆ ದಾರಿ. ಬ್ರಿಟನ್ನಿನ ಬ್ರಂಟಿಂಗ್‌ಥೋರ್ಪ್‌ನಲ್ಲಿ ಹವ್ಯಾಸಿಗಳ ಗುಂಪು ಲೈಟ್ನಿಂಗ್ ಫೈಟರ್ ಕಾಪಾಡಿ, ರನ್‌ವೇ ಮೇಲೆ ರೀಹೀಟ್ ಹಚ್ಚಿ ಓಡಿಸಿ ತೋರಿಸುತ್ತಿತ್ತು. ಅವರು ಇಟ್ಟುಕೊಂಡದ್ದು ಇಡೀ ವಿಮಾನವನ್ನು. ಇಂಧನ, ಹತೋಟಿ, ಬೆಂಕಿ ಎಚ್ಚರಿಕೆ, ಎಲ್ಲ ಅದರೊಳಗೇ ಇತ್ತು. ಅಂಥ ಗುಂಪಿಗೆ ಸೇರಿ ಕೈಕೆಲಸ ಮಾಡಿ. ಒಳ್ಳೆಯ ವೆಲ್ಡರ್ ಅಂದರೆ ಅವರು ಬೇಡ ಅನ್ನುವುದಿಲ್ಲ.

ಕೊಳ್ಳುವುದೇ ಆದರೆ, ಮುಂಗಡ ಕೊಡುವ ಮುಂಚೆ ಕೆಲವನ್ನು ಕೇಳಿ. ಎಂಜಿನ್ ಮೇಲಿನ ಗುರುತಿನ ತಗಡು, ಅಂದರೆ ಡೇಟಾ ಪ್ಲೇಟಿನ ಸ್ಪಷ್ಟ ಫೋಟೋ. ಸೀರಿಯಲ್ ನಂಬರ್ ಲಾಗ್‌ಬುಕ್ ಜೊತೆ ತಾಳೆ ಆಗಬೇಕು. ಕಾನ್ಕಾರ್ಡ್‌ನದೇ ಅಂತ ತೋರಿಸುವ ಕಾಗದ ಇಲ್ಲದಿದ್ದರೆ ಆ ಹೆಸರಿನ ಬೆಲೆ ಕೊಡಬೇಡಿ. ಒಲಿಂಪಸ್ ಕುಟುಂಬ ದೊಡ್ಡದು, ವಲ್ಕನ್ ಬಾಂಬರ್‌ನ ಎಂಜಿನ್ ಕೂಡ ಒಲಿಂಪಸ್ಸೇ. ಬೋರೋಸ್ಕೋಪ್ (ತೂತಿನೊಳಗೆ ಇಳಿಸುವ ಸಣ್ಣ ಕ್ಯಾಮೆರಾ) ಹಾಕಿ ಒಳಗಿನ ಚಿತ್ರ ತೆಗೆಸಿ. ತಾಡಪಾಲು ಹೊದಿಸಿ ವರ್ಷಗಟ್ಟಲೆ ಮಳೆಗೆ ಬಿಟ್ಟ ಎಂಜಿನ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಬೇರಿಂಗ್ ಹಿಡಿದುಕೊಂಡು, ಮೆಗ್ನೀಷಿಯಂ ಬಿಳಿ ಪುಡಿಯಾಗಿ ಉದುರುತ್ತಿರುತ್ತದೆ. ಅಂಥದ್ದೊಂದನ್ನು ಬಿಚ್ಚಿದಾಗ ಒಳಗೆ ಹಕ್ಕಿಗೂಡು ಸಿಕ್ಕಿತ್ತು ನನಗೆ. ಗಡಿ ದಾಟಿಸಿ ತರಬೇಕಾದರೆ ರಫ್ತು ಅನುಮತಿ ಬೇಕಾ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇದು ಪ್ರಯಾಣಿಕ ವಿಮಾನದ್ದು, ಆದ್ದರಿಂದ ತೊಡಕು ಕಡಿಮೆ. ಫೈಟರ್ ಎಂಜಿನ್ ಆದರೆ ಬಹಳ ಕಠಿಣ, ಅಮೆರಿಕದ ಸೇನೆ ಎಷ್ಟೋ ಭಾಗಗಳನ್ನು ಕತ್ತರಿಸಿ ಹಾಳುಮಾಡಿಯೇ ಮಾರುತ್ತದೆ.

ಮನೆಯವರ ಪ್ರಶ್ನೆ ಉಳಿಯಿತು, ಎಲ್ಲಿಡ್ತೀರಿ ಅಂತ. ಅದು ಸರಿಯಾದ ಪ್ರಶ್ನೆ. ಎಂಜಿನ್ ಜೊತೆ ಅದರದೇ ಸಾಗಣೆ ಸ್ಟ್ಯಾಂಡ್ ಬರುತ್ತದಾ ಅಂತ ಕೇಳಿ. ಇಲ್ಲದಿದ್ದರೆ ನೀವೇ ಮಾಡಬೇಕು. ತೂಕ ಬೀಳಬೇಕಾದದ್ದು ಅದನ್ನು ವಿಮಾನಕ್ಕೆ ತೂಗುಹಾಕುತ್ತಿದ್ದ ಜಾಗಗಳ ಮೇಲೆ ಮಾತ್ರ. ಕೆಳಗೆ ನೇತಾಡುವ ಗೇರ್‌ಬಾಕ್ಸ್ ಮೇಲೆ ಕೂರಿಸಿದರೆ ಅದು ಸೀಳುತ್ತದೆ, ಹಗ್ಗ ಸುತ್ತಿ ಎತ್ತಿದರೆ ಕೇಸಿಂಗ್ ಒತ್ತಿಹೋಗುತ್ತದೆ. ನೆಲಕ್ಕೆ ಕಾಂಕ್ರೀಟ್, ಮೇಲೆ ಸೂರು, ಎರಡೂ ಬಾಯಿಗೆ ಮುಚ್ಚಳ, ಒಳಗೆ ತೇವ ಹೀರುವ ಚೀಲ. ತಿಂಗಳಿಗೊಮ್ಮೆ ಎರಡೂ ಶಾಫ್ಟ್ ಕೈಯಲ್ಲಿ ತಿರುಗಿಸಿ, ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲಿಸಿ. ಮೊದಲ ಸಲ ತಿರುಗಿಸುವಾಗ ಬ್ಲೇಡುಗಳು ಸಡಿಲವಾಗಿ ಅಲ್ಲಾಡಿ ಟಣಟಣ ಅಂತ ಸದ್ದು ಮಾಡುತ್ತವೆ. ಹೆದರಬೇಡಿ, ಅವು ಇರಬೇಕಾದದ್ದೇ ಹಾಗೆ. ವೇಗ ಬಂದಾಗ ಬಿಗಿಯಾಗಲಿ ಅಂತಲೇ ಸಡಿಲ ಬಿಟ್ಟಿರುತ್ತಾರೆ.